ತಾಟು ಎಸೆದ ಹುಡುಗನಿಗೆ 'ಯಾಕೆ' ಅಂತ ಕೇಳಬೇಡಿ

ಬಿಸಿಯೂಟದ ಪಾಳಿ. ಏಳನೇತ್ತೆ ಹುಡುಗನೊಬ್ಬ ಸ್ಟೀಲ್ ತಾಟು ಎಸೆದ. ಅದು ಮುಂದೆ ನಿಂತವನ ಹುಬ್ಬಿಗೆ ಬಡಿದು ರಕ್ತ ಬಂತು. ಎಸೆದವನಿಗೆ ಆಟಿಸಂ ಇದೆ, ಅಂದರೆ ಹುಟ್ಟಿನಿಂದಲೇ ಮಾತುಕತೆ, ಜನರ ಜೊತೆ ಬೆರೆಯೋದು ಕಷ್ಟ. ಹೆಡ್‌ಮಾಸ್ತರು ಓಡಿ ಬಂದು "ಯಾಕ ಹೊಡದ್ಯೋ?" ಅಂದರು. ಅವನು ಮಾತಾಡಲಿಲ್ಲ. ಇನ್ನೂ ಜೋರಾಗಿ ಕೇಳಿದರು. ಅವನು ನಕ್ಕ. ಅಷ್ಟೇ ಸಾಕಾಯಿತು. "ನೋಡ್ರಿ, ಮಾಡೂದು ಮಾಡಿ ನಗಾಕತ್ತಾನ" ಅಂತ ಇಡೀ ಶಾಲೆ ತೀರ್ಪು ಕೊಟ್ಟುಬಿಟ್ಟಿತು.

ನಾನು ಬಾಗಲಕೋಟೆ ಜಿಲ್ಲೆಯಲ್ಲಿ ಶಾಲೆಯಿಂದ ಶಾಲೆಗೆ ತಿರುಗುವ ವಿಶೇಷ ಶಿಕ್ಷಕಿ. ಅದು ಉಡಾಫೆಯ ನಗು ಅಲ್ಲ, ಹೆದರಿಕೆಯ ನಗು ಅಂತ ನನಗೆ ಗೊತ್ತಿತ್ತು. ಆದರೂ ಆಮೇಲೆ ನಾನು ಮಾಡಿದ್ದೂ ತಪ್ಪೇ. ಎರಡು ದಿನ ಬಿಟ್ಟು ಬೇವಿನ ಗಿಡದ ಕೆಳಗೆ ಹನ್ನೆರಡು ಜನರನ್ನು ದುಂಡಗೆ ಕೂರಿಸಿ, ತರಬೇತಿಯಲ್ಲಿ ಕಲಿತ ಪ್ರಶ್ನೆಗಳನ್ನು ಒಂದೊಂದಾಗಿ ಕೇಳುತ್ತಾ ಹೋದೆ. ಹುಡುಗ ಕಿವಿ ಮುಚ್ಚಿಕೊಂಡು ಎದ್ದು ಓಡಿದ. ಗಾಯವಾದವನು ಅಳತೊಡಗಿದ. ಅವನ ಅವ್ವ "ಇದೇನ್ ನಾಟಕರಿ ಅಕ್ಕೋರ?" ಅಂದರು. ಸರಿಯಾಗೇ ಕೇಳಿದರು.

ಇಂಥ ಮಕ್ಕಳ ಜೊತೆ ಕೆಲಸ ಮಾಡೋರು, ಅಪ್ಪ ಅವ್ವ, ಹಾಸ್ಟೆಲ್ ವಾರ್ಡನ್, ಯಾರೇ ಆಗಲಿ, ಗಲಾಟೆ ಆದ ಮೇಲೆ ಕೂತು ಮಾತಾಡಿ ಸರಿಮಾಡೋ ವಿಧಾನದಲ್ಲಿ ನನ್ನ ಹಾಗೆ ಎಡವಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಏನಿದು ವಿಧಾನ

ರಿಸ್ಟೋರೇಟಿವ್ ವಿಧಾನ ಅಂತಾರೆ. ಪುಸ್ತಕದ ಕನ್ನಡದಲ್ಲಿ ಇದಕ್ಕೆ ದೊಡ್ಡ ದೊಡ್ಡ ಹೆಸರಿವೆ. ನಾನು 'ಸರಿಮಾಡೋ ಮಾತು' ಅಂತೀನಿ, ಮಕ್ಕಳಿಗೂ ಅದು ಗೊತ್ತಾಗುತ್ತದೆ. ಯಾರು ತಪ್ಪು ಮಾಡಿದರು, ಏನು ಶಿಕ್ಷೆ ಕೊಡೋಣ ಅನ್ನೋದರ ಬದಲು ಯಾರಿಗೆ ನೋವಾಯಿತು, ಅವರಿಗೆ ಈಗ ಏನು ಬೇಕು, ಅದನ್ನು ಯಾರು ಮಾಡಿಕೊಡಬೇಕು ಅಂತ ನೋಡೋದು. ನಮ್ಮ ಕಟ್ಟೆ ಪಂಚಾಯ್ತಿಗೆ ಇದನ್ನು ಹೋಲಿಸೋರು ಇದ್ದಾರೆ. ಅಲ್ಲಿ ಹಿರಿಯರು ಮಾತಾಡಿ ದಂಡ ಹಾಕುತ್ತಾರೆ, ಚಿಕ್ಕವರು ತಲೆ ತಗ್ಗಿಸಿ ನಿಲ್ಲುತ್ತಾರೆ. ಇಲ್ಲಿ ಮಾತು ಚಿಕ್ಕವರದ್ದು. ಹಾಗಾಗಿ ಎರಡೂ ಒಂದೇ ಅಲ್ಲ.

1974ರಲ್ಲಿ ಕೆನಡಾದ ಎಲ್ಮೈರಾ ಅನ್ನೋ ಊರಲ್ಲಿ ಇಬ್ಬರು ಹುಡುಗರು 22 ಕಡೆ ಜನರ ಆಸ್ತಿ ಹಾಳು ಮಾಡಿದ್ದರು. ಅವರನ್ನು ಒಬ್ಬ ಅಧಿಕಾರಿ ಮನೆಮನೆಗೆ ಕರೆದುಕೊಂಡು ಹೋಗಿ, ನಷ್ಟ ಆದವರ ಎದುರು ನಿಲ್ಲಿಸಿ ಮಾತಾಡಿಸಿದ. ಈ ವಿಧಾನದ ಕತೆ ಸಾಮಾನ್ಯವಾಗಿ ಅಲ್ಲಿಂದಲೇ ಶುರು ಮಾಡುತ್ತಾರೆ. ನ್ಯೂಜಿಲೆಂಡ್ 1989ರಲ್ಲಿ ಕಾನೂನನ್ನೇ ತಂದು, ಮಾವೋರಿ ಜನರ ರೂಢಿಯನ್ನು ಗಮನಿಸಿ, ತಪ್ಪು ಮಾಡಿದ ಹದಿಹರೆಯದವರ ಮನೆಮಂದಿಯನ್ನೆಲ್ಲ ಕೂಡಿಸಿ ಮಾತಾಡೋ ಪದ್ಧತಿ ಮಾಡಿತು. ಮುಂದೆ ಇದು ಬೇರೆ ಬೇರೆ ದೇಶಗಳ ಶಾಲೆಗಳಿಗೂ ಬಂತು.

ಆದರೆ ಎಲ್ಮೈರಾದ ಆ ಇಬ್ಬರು ಬಾಗಿಲಲ್ಲಿ ನಿಂತು "ನಾವೇ ಮಾಡಿದ್ದು" ಅಂತ ಹೇಳಬಲ್ಲವರು. ಇಡೀ ವಿಧಾನ ನಿಂತಿರೋದೇ ಬಾಯಿಮಾತಿನ ಮೇಲೆ. ನಡೆದದ್ದನ್ನು ನೆನಪಿಟ್ಟು ಸಾಲಾಗಿ ಹೇಳಬೇಕು, ನನ್ನ ಮನಸ್ಸಲ್ಲಿ ಏನಿತ್ತು ಅಂತ ಹೇಳಬೇಕು, ಎದುರಿನವನಿಗೆ ಏನನ್ನಿಸಿತು ಅಂತ ಊಹಿಸಬೇಕು. ನಮ್ಮ ಹುಡುಗರಿಗೆ ಕಷ್ಟ ಇರೋದೇ ಈ ಮೂರು ಕೆಲಸದಲ್ಲಿ. ಈಜು ಬಾರದವನಿಗೆ ಹೊಳೆ ದಾಟಿ ಬಾ ಅಂದ ಹಾಗಾಯಿತು ಅದು. ಅಂದರೆ ವಿಧಾನ ಬಿಟ್ಟುಬಿಡಿ ಅಂತಲ್ಲ. ಮಾತು ಕಡಿಮೆ ಮಾಡಿ, ಕೂರುವ ಮುಂಚಿನ ಕೆಲಸ ಜಾಸ್ತಿ ಮಾಡಿ. ನನ್ನ ಲೆಕ್ಕದಲ್ಲಿ ಮುಕ್ಕಾಲು ಪಾಲು ಕೆಲಸ ಯಾರನ್ನೂ ಎದುರುಬದುರು ಕೂರಿಸೋ ಮುಂಚೆಯೇ ಮುಗಿದಿರಬೇಕು.

ಗಲಾಟೆ ಆದ ಹೊತ್ತಲ್ಲಿ

ಮೊದಲು ಪೆಟ್ಟು ತಿಂದವನನ್ನು ನೋಡಿ. ವಿಶೇಷ ಮಗು, ವಿಶೇಷ ಮಗು ಅಂತ ನಾವು ಎಸೆದವನ ಸುತ್ತಲೇ ನಿಂತುಬಿಡುತ್ತೇವೆ, ರಕ್ತ ಬಂದವನು ನಲ್ಲಿ ಹತ್ತಿರ ಒಬ್ಬನೇ ಮುಖ ತೊಳೀತಿರುತ್ತಾನೆ. ಹೀಗಾದರೆ ಮುಂದೆ ಅವನು ಯಾವ ಮಾತುಕತೆಗೂ ಬರಲ್ಲ.

ಎಸೆದವನಿಗೆ ಆ ಹೊತ್ತಿಗೆ ಪ್ರಶ್ನೆ ಬೇಡ. ಸುತ್ತಲಿನ ಗುಂಪು ಚದುರಿಸಿ. ಕೈ ಹಿಡಿದು ಎಳೆಯಬೇಡಿ. ಎರಡು ಮಾತು ಸಾಕು: "ಬಾ. ಇಲ್ಲಿ ಕೂಡು." ಸ್ಟೋರ್ ರೂಮಿನ ಮೂಲೆಯೋ, ಲೈಬ್ರರಿ ಕಪಾಟಿನ ಹಿಂದೋ, ಸದ್ದು ಕಡಿಮೆ ಇರೋ ಒಂದು ಜಾಗ ಮೊದಲೇ ಗೊತ್ತು ಮಾಡಿಟ್ಟಿರಿ. ಅದು ಶಿಕ್ಷೆಯ ಕೋಣೆ ಅಲ್ಲ, ಬಾಗಿಲು ಹಾಕೋದು ಬೇಡ. ಕೆಲವರು ಹತ್ತು ನಿಮಿಷದಲ್ಲಿ ತಣ್ಣಗಾಗುತ್ತಾರೆ, ಕೆಲವರಿಗೆ ಮರುದಿನ ಬೇಕು. ಚಂಚಲತೆ ಜಾಸ್ತಿ ಇರೋ ಎಡಿಎಚ್‌ಡಿ ಮಕ್ಕಳ ವಿಷಯ ಬೇರೆ. ಅವರ ಜೊತೆ ತಣ್ಣಗಾದ ತಕ್ಷಣ, ಅದೇ ದಿನ, ಮೈದಾನ ಸುತ್ತುತ್ತಾ ಐದು ನಿಮಿಷ ಮಾತಾಡಿ ಮುಗಿಸಿ. ನಾಳೆಗೆ ಇಟ್ಟರೆ ಅವರಿಗೆ ಅದು ಹಳೇ ಕತೆ.

"ಟಿಸಿ ಕೊಟ್ಟು ಕಳಸ್ರಿ" ಅನ್ನೋ ಮಾತು ಬಂದೇ ಬರುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಎಂಟನೇತ್ತೆ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. 17ನೇ ಸೆಕ್ಷನ್ ಪ್ರಕಾರ ಹೊಡೆಯುವಂತಿಲ್ಲ, ಮನಸ್ಸಿಗೆ ಹಿಂಸೆ ಕೊಡುವಂತೆಯೂ ಇಲ್ಲ. ಇಷ್ಟು ಹೇಳಿ ಸುಮ್ಮನಾಗಿ, ಅಲ್ಲೇ ವಾದಕ್ಕೆ ನಿಲ್ಲಬೇಡಿ.

ಅಡುಗೆ ಅಕ್ಕನನ್ನು ಕೇಳಿ

ತಾಟಿನ ಕತೆಯ ಬೇರು ನನಗೆ ಸಿಕ್ಕಿದ್ದು ಹುಡುಗನಿಂದ ಅಲ್ಲ, ಮಾಸ್ತರರಿಂದಲೂ ಅಲ್ಲ. ಅಡುಗೆ ಅಕ್ಕ ಹೇಳಿದರು: "ಅಂವಾ ದಿನಾ ಕಿಡಕಿ ಬಾಜೂಕ ಐದನೇ ಪರಸಿ ಮ್ಯಾಲ ನಿಂದರತಾನ್ರಿ. ಅವತ್ತ ಅಲ್ಲಿ ತತ್ತಿ ಪಾಳಿ ಮಾಡಿದ್ರು." ಪರಸಿ ಅಂದರೆ ನೆಲದ ಹಾಸುಗಲ್ಲು. ತತ್ತಿ (ಮೊಟ್ಟೆ) ತಿನ್ನೋರು ಒಂದು ಕಡೆ, ಬಾಳೆಹಣ್ಣಿನವರು ಇನ್ನೊಂದು ಕಡೆ ಅಂತ ಅವತ್ತು ಪಾಳಿ ಎರಡು ಮಾಡಿದ್ದರು. ಯಾರೂ ಅವನಿಗೆ ಮೊದಲೇ ಹೇಳಿರಲಿಲ್ಲ. ಅವನ ಪರಸಿ ಮೇಲೆ ಬೇರೆಯವನು ನಿಂತಿದ್ದ. ಮೇಲೆ ಇನ್ನೂರು ತಾಟುಗಳ ಸದ್ದು. ವಿಜಯಪುರದ ಗೋಳಗುಮ್ಮಟದ ಮೇಲೆ ಹತ್ತಿ ಚಪ್ಪಾಳೆ ತಟ್ಟಿದರೆ ಅದು ಸುತ್ತಿ ಸುತ್ತಿ ಮತ್ತೆ ಮತ್ತೆ ಕಿವಿಗೆ ಬಡಿಯುತ್ತದಲ್ಲ, ಅವನಿಗೆ ಬಿಸಿಯೂಟದ ಹೊತ್ತು ದಿನಾ ಹಾಗೇ ಇರುತ್ತದೆ ಅಂತ ನಾನು ಮಾಸ್ತರರಿಗೆ ಹೇಳಿದೆ. ಪ್ರವಾಸಕ್ಕೆ ಹೋಗಿ ಬಂದವರು, ಥಟ್ಟನೆ ಅರ್ಥವಾಯಿತು.

ಹಾಗಾಗಿ ಒಂದು ಹಾಳೆಯಲ್ಲಿ ಮೂರು ಗೆರೆ ಹಾಕಿ: ಮುಂಚೆ ಏನಿತ್ತು, ಏನಾಯಿತು, ಆಮೇಲೆ ಏನಾಯಿತು. ಜವಾನ, ಅಡುಗೆಯವರು, ಆಟೋದವರು, ಬೆಂಚಿನ ಜೊತೆಗಾರ, ಎಲ್ಲರನ್ನೂ ಕೇಳಿ ತುಂಬಿಸಿ. ಮೊದಲ ಗೆರೆಯಲ್ಲಿ ಬಹಳ ಸಲ ನಮ್ಮದೇ ತಪ್ಪು ಬರೆಯಬೇಕಾಗುತ್ತದೆ. ಬರೆಯಿರಿ.

ಪ್ರಶ್ನೆಗಳನ್ನು ಹೇಗೆ ತಿರುಗಿಸೋದು

ಈ ವಿಧಾನದ ಮಾಮೂಲು ಪ್ರಶ್ನೆಗಳು ಹೀಗಿರುತ್ತವೆ: ಏನಾಯಿತು, ಆಗ ಏನು ಯೋಚಿಸುತ್ತಿದ್ದೆ, ಯಾರಿಗೆ ತೊಂದರೆ ಆಯಿತು, ಸರಿ ಆಗಬೇಕಾದರೆ ಏನು ಮಾಡಬೇಕು. 'ಯಾಕೆ' ಈ ಪಟ್ಟಿಯಲ್ಲಿ ಮೊದಲಿಗೇ ಇಲ್ಲ. ಆದರೆ ನಮ್ಮ ಬಾಯಿಗೆ ಅದೇ ಮೊದಲು ಬರುತ್ತದೆ. 'ಯಾಕೆ' ಅಂದ ತಕ್ಷಣ ಮಗುವಿಗೆ ಕೇಳಿಸೋದು ಬೈಗುಳ, ಪ್ರಶ್ನೆ ಅಲ್ಲ.

"ಏನಾಯಿತು" ಕೂಡ ಕೆಲವರಿಗೆ ತೀರಾ ದೊಡ್ಡ ಪ್ರಶ್ನೆ. ಅದನ್ನು ಒಡೆಯಿರಿ. "ಎಲ್ಲಿ ನಿಂತಿದ್ದಿ?" "ಮುಂದ ಯಾರಿದ್ರು?" "ಕೈಯಾಗ ಏನಿತ್ತು?" ಒಂದು ಕೇಳಿ, ಮನಸ್ಸಲ್ಲೇ ಹತ್ತು ಎಣಿಸಿ. ಉತ್ತರ ಬರಲಿಲ್ಲ ಅಂತ ಅದೇ ಪ್ರಶ್ನೆಯನ್ನು ಬೇರೆ ಮಾತಲ್ಲಿ ಕೇಳಿದರೆ, ಅವನ ತಲೆಯಲ್ಲಿ ಅದು ಎರಡನೇ ಪ್ರಶ್ನೆ. ಮೊದಲನೇದಕ್ಕೆ ಹುಡುಕುತ್ತಿದ್ದವನು ಮತ್ತೆ ಶುರುವಿನಿಂದ ಹುಡುಕಬೇಕು.

ಮಾತಿಗಿಂತ ಚಿತ್ರ ವಾಸಿ. ಕಡ್ಡಿ ಗೊಂಬೆ ಬರೆಯೋಕೆ ಬಂದರೆ ಸಾಕು. ನಾನು ಪಾಟಿ ಮೇಲೆ ಆರು ಮನೆ ಹಾಕಿದೆ. ಪಾಳಿ, ಕಿಟಕಿ, ಪರಸಿ ಬರೆದು "ನೀ ಎಲ್ಲಿ?" ಅಂದೆ. ಅವನು ಬಳಪ ಕಿತ್ತುಕೊಂಡು ತನ್ನ ಪರಸಿ ಮೇಲೆ ಬೇರೆ ಹುಡುಗನ ಗೊಂಬೆ ಬರೆದು, ಅದರ ಮೇಲೆ ಗಟ್ಟಿಯಾಗಿ ಗೀಚಿ ಗೀಚಿ ಬಿಳಿ ಮಾಡಿದ. ಬೇವಿನ ಗಿಡದ ಕೆಳಗೆ ಅರ್ಧ ತಾಸಿನಲ್ಲಿ ಸಿಗದ ಉತ್ತರ ಅದು. ಐದನೇ ಮನೆಯಲ್ಲಿ ರಕ್ತ ಬಂದ ಹುಬ್ಬು ನಾನೇ ಬರೆದೆ. ಅವನು ಬಹಳ ಹೊತ್ತು ನೋಡಿದ. ಪೆಟ್ಟಾಗಿದ್ದು ಅವನಿಗೆ ಆವರೆಗೆ ಗೊತ್ತೇ ಇರಲಿಲ್ಲ ಅಂತ ನನಗೀಗ ಅನ್ನಿಸುತ್ತದೆ. ತಾಟು ಕೈ ಬಿಟ್ಟ ಮೇಲೆ ಅವನು ಕಣ್ಣು ಮುಚ್ಚಿಕೊಂಡಿದ್ದ.

ದೊಡ್ಡ ಹುಡುಗರಿಗೆ, ಹದಿನಾರು ಹದಿನೇಳು ವರ್ಷದವರಿಗೆ, ಮೊಲ ಆಮೆಯ ಚಿತ್ರ ತೋರಿಸಬೇಡಿ. ಅವಮಾನ ಆಗುತ್ತದೆ. ನಿಮ್ಮ ಮೊಬೈಲಲ್ಲಿ ಆ ಜಾಗದ ಫೋಟೊ ತೆಗೆದು ಅದನ್ನೇ ಇಟ್ಟುಕೊಂಡು ಮಾತಾಡಿ.

"ನಿನಗೆ ಏನನ್ನಿಸಿತು" ಅನ್ನೋದರ ಬದಲು ಮೈಯನ್ನು ಕೇಳಿ. "ಎದಿ ಹೊಡಕೊಳ್ತಿತ್ತಾ? ಕೈ ಬಿಸಿ ಆಗಿತ್ತಾ?" ಮತ್ತೆ, ನಮ್ಮ ಮಾತಲ್ಲಿ ಗಾದೆ, ಚುಚ್ಚುಮಾತು ಬಹಳ. ಆಟಿಸಂ ಇರೋ ಹಲವು ಮಕ್ಕಳಿಗೆ ಅವು ಇದ್ದದ್ದು ಇದ್ದ ಹಾಗೇ ಕೇಳಿಸುತ್ತವೆ. ಒಬ್ಬ ಮಾಸ್ತರು "ತಲಿ ಎಲ್ಲಿಟ್ಟಿದ್ದಿ?" ಅಂದಾಗ ಹುಡುಗ ತಲೆ ಮುಟ್ಟಿ "ಇಲ್ಲೇ ಐತ್ರಿ" ಅಂದ. ಕ್ಲಾಸೆಲ್ಲ ನಕ್ಕಿತು, ಅವನಿಗೆ ಎರಡು ಏಟು ಜಾಸ್ತಿ ಬಿತ್ತು. ಪಾಪ, ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದ.

ಭಾಷೆಯೂ ನೋಡಿಕೊಳ್ಳಿ. ಬೆಳಗಾವಿ ಕಡೆ ಮನೆಯಲ್ಲಿ ಮರಾಠಿ, ವಿಜಯಪುರದ ಓಣಿಗಳಲ್ಲಿ ಉರ್ದು, ತಾಂಡಾಗಳಲ್ಲಿ ಲಂಬಾಣಿ. ಶಾಲೆಯಲ್ಲಿ ಕನ್ನಡ ಮಾತಾಡೋ ಹುಡುಗನಿಗೆ ಸಿಟ್ಟು ಬಂದಾಗ, ಹೆದರಿದಾಗ ಮನೆ ಮಾತೇ ಬರೋದು. ಆ ಮಾತು ಬಲ್ಲವರು ಒಬ್ಬರು ಪಕ್ಕದಲ್ಲಿರಲಿ. ಕಿವಿ ಕೇಳಿಸದ ಮಕ್ಕಳಿದ್ದರೆ ಸನ್ನೆ ಭಾಷೆ ಬಲ್ಲ ದೊಡ್ಡವರೇ ಬೇಕು. ತಂಗಿಯನ್ನೋ ತಮ್ಮನನ್ನೋ ನಡುವೆ ಕೂರಿಸಬೇಡಿ. ಅವರು ಮನೆ ಮರ್ಯಾದೆ ನೋಡಿಕೊಂಡು ಅರ್ಧ ಮಾತು ನುಂಗುತ್ತಾರೆ. ಮಾತಾಡೋರ ಮುಖಕ್ಕೆ ಬೆಳಕು ಬೀಳಬೇಕು, ಕಿಟಕಿಗೆ ಬೆನ್ನು ಹಾಕಿ ಕೂರೋದು ಬೇಡ.

'ಹೂಂ ರೀ' ಅಂದರೆ ಹೂಂ ಅಲ್ಲ

ಬುದ್ಧಿ ಬೆಳವಣಿಗೆ ನಿಧಾನ ಇರೋ ಹದಿನೈದರ ಹುಡುಗಿಯೊಬ್ಬಳು. ಹಾಸ್ಟೆಲಲ್ಲಿ ದುಡ್ಡು ಕಳೆದಿತ್ತು. "ನೀನ ತಗೊಂಡಿ ಹೌದಲ್ಲೋ?" ಅಂದರೆ "ಹೂಂ ರೀ". ಎಲ್ಲರೂ ಒಪ್ಪಿಕೊಂಡಳು ಅಂದರು. ನಾನು ಹೋಗಿ ತಿರುಗಿಸಿ ಕೇಳಿದೆ, "ನೀ ತಗೊಂಡಿಲ್ಲ ಹೌದಲ್ಲೋ?" "ಹೂಂ ರೀ". "ಮೊನ್ನೆ ಮುಖ್ಯಮಂತ್ರಿಗಳು ನಿನ್ನ ಹಾಸಿಗಿ ಮ್ಯಾಲ ಮಲಗಿದ್ರಾ?" "ಹೂಂ ರೀ". ವಾರ್ಡನ್ ನಗಲಿಲ್ಲ, ಸುಸ್ತಾದರು.

ದೊಡ್ಡವರು ಸಿಟ್ಟಾಗಬಾರದು ಅಂತ ಎಲ್ಲಕ್ಕೂ ಹೂಂ ಅನ್ನೋದನ್ನು ಈ ಮಕ್ಕಳು ಬದುಕಿ ಕಲಿತಿರುತ್ತಾರೆ. ಹೌದು-ಅಲ್ಲ ಅನ್ನೋ ಪ್ರಶ್ನೆ ಕೇಳಲೇಬೇಕಾದರೆ ಎರಡೂ ಕಡೆಯಿಂದ ಕೇಳಿ. ಇಲ್ಲಾಂದ್ರೆ ಮೂರು ಚಿತ್ರ ಇಟ್ಟು ತೋರಿಸು ಅನ್ನಿ, ಸ್ವಲ್ಪ ಹೊತ್ತು ಬಿಟ್ಟು ಚಿತ್ರಗಳ ಜಾಗ ಬದಲಿಸಿ ಮತ್ತೆ ತೋರಿಸು ಅನ್ನಿ. 'ಮಾಡಿದ್ದು ಇವನೇ' ಅಂತ ಖಾತ್ರಿ ಆಗದೆ ಸರಿಮಾಡೋ ಮಾತಿಗೆ ಕೂರಿಸಿದರೆ, ಮಾಡದ ತಪ್ಪಿಗೆ ಕ್ಷಮೆ ಕೇಳಿಸಿದ ಪಾಪ ನಿಮ್ಮದು.

ಕೂರಿಸುವ ಮುಂಚೆ, ಕೂರಿಸಿದಾಗ

ಇಬ್ಬರ ಹತ್ತಿರವೂ ಬೇರೆ ಬೇರೆಯಾಗಿ ಹೋಗಿ. ಗಾಯವಾದವನಿಗೆ ಹೇಳಿ: ಅವನು ನಿನ್ನ ಮುಖ ನೋಡದೆ ಇರಬಹುದು, ನಗಬಹುದು, ನಡುವೆ ಎದ್ದು ಹೋಗಬಹುದು, ಅದು ಅಣಕ ಅಲ್ಲ. ಆಟಿಸಂ ಬಗ್ಗೆ ಹೇಳೋ ಮುಂಚೆ ಆ ಹುಡುಗನನ್ನೂ ಮನೆಯವರನ್ನೂ ಕೇಳಿ ಒಪ್ಪಿಗೆ ತಗೊಳ್ಳಿ. ಬರಲ್ಲ ಅಂದರೆ ಒತ್ತಾಯ ಬೇಡ. ಎದುರು ಕೂರದೆಯೂ ಆಗುತ್ತದೆ. ಒಬ್ಬನ ಚಿತ್ರ ಇನ್ನೊಬ್ಬನಿಗೆ, ಇವನ ಮಾತು ಮೊಬೈಲಲ್ಲಿ ರೆಕಾರ್ಡ್ ಮಾಡಿ ಅವನಿಗೆ, ಹೀಗೆ ನಾನು ಅಂಚೆಯವಳ ಹಾಗೆ ಓಡಾಡಿ ಮುಗಿಸಿದ್ದೂ ಉಂಟು.

ಅಪ್ಪಂದಿರನ್ನು ಮೊದಲೇ ತಯಾರು ಮಾಡಬೇಕು. ಇದು ಯಾವ ತರಬೇತಿಯಲ್ಲೂ ನನಗೆ ಯಾರೂ ಹೇಳಿರಲಿಲ್ಲ. ನಾನೂ ಕಟ್ಟುನಿಟ್ಟಿನ ಅಪ್ಪ ಅಂತ ತೋರಿಸೋಕೆ ಎಲ್ಲರ ಎದುರು ಮಗನಿಗೆ ಬಾರಿಸಿಬಿಡುತ್ತಾರೆ. ಅಲ್ಲಿಗೆ ಎಲ್ಲ ಮುಗಿಯಿತು. "ಕಾಕಾ, ಇವತ್ತ ಕೈ ಎತ್ತಬ್ಯಾಡ್ರಿ, ನಿಮ್ಮ ಮಗಾ ಇವತ್ತ ಒಂದ್ ದೊಡ್ಡ ಕೆಲಸ ಮಾಡಾಂವ ಅದಾನ" ಅಂತ ಹಿಂದಿನ ದಿನವೇ ಹೇಳಿ ಬನ್ನಿ. ಕಬ್ಬು ಕಡಿಯೋ ಸುಗ್ಗಿಯಲ್ಲಿ ಅಪ್ಪ ಅವ್ವ ಇಬ್ಬರೂ ಊರಲ್ಲಿ ಇರಲ್ಲ, ಅಜ್ಜಿ ಬರುತ್ತಾಳೆ. ಅಜ್ಜಿ ಬಂದರೆ ಒಳ್ಳೇದೇ. ಹೊಡೆಯಲ್ಲ, ಜೊತೆಗೆ ಈ ಹುಡುಗ ಯಾವಾಗ ಯಾಕೆ ರೇಗುತ್ತಾನೆ ಅಂತ ಅವಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು.

ಹಿಂದಿನ ದಿನ ಹುಡುಗನನ್ನು ಆ ಕೋಣೆಗೆ ಕರೆದುಕೊಂಡು ಹೋಗಿ ಯಾರು ಎಲ್ಲಿ ಕೂರುತ್ತಾರೆ ಅಂತ ತೋರಿಸಿ. ಮೊದಲು ಏನು, ಆಮೇಲೆ ಏನು, ಕೊನೆಗೆ ಏನು ಅಂತ ನಾಲ್ಕು ಚಿತ್ರದ ಪಟ್ಟಿ ಕೊಡಿ. ಒಂದು ಕೆಂಪು ರಟ್ಟಿನ ತುಂಡು ಕೈಗೆ ಕೊಡಿ, ಅದನ್ನು ಎತ್ತಿದರೆ ಎದ್ದು ಹೊರಗೆ ಹೋಗಬಹುದು, ಯಾರೂ ಏನೂ ಅನ್ನಲ್ಲ. ಒಮ್ಮೆ ಆಟದ ಹಾಗೆ ಅಭ್ಯಾಸ ಮಾಡಿಸಿ.

ಕೂತಾಗ ನಾಲ್ಕೇ ಜನ ಸಾಕು, ಹತ್ತು ನಿಮಿಷ ಸಾಕು. ಎದುರುಬದುರು ಬೇಡ, ಒಂದೇ ಕಟ್ಟೆ ಮೇಲೆ ಸಾಲಾಗಿ ಕೂತು ಎಲ್ಲರೂ ಪಾಟಿ ಕಡೆ ನೋಡಲಿ. "ನನ್ನ ಮುಖ ನೋಡಿ ಮಾತಾಡು" ಅಂತ ಯಾರೂ ಹೇಳಬಾರದು. ಗಾಯವಾದವನ ಮಾತು ಮೊದಲು. ನಮ್ಮ ಕತೆಯಲ್ಲಿ ಅವನು ಹೇಳಿದ್ದು ಒಂದೇ ಮಾತು, "ನನಗ ಅಂವನ ಮುಂದ ನಿಂದ್ರಾಕ ಅಂಜಿಕಿ ಬರ್ತೈತಿ." ನಾನು ಅದನ್ನೂ ಚಿತ್ರ ಮಾಡಿದೆ.

ಸರಿಮಾಡೋದು ಅಂದರೆ

"ತಪ್ಪಾತು ಅನ್ನು, ಕಾಲ್ ಬೀಳು" ಅನ್ನಿಸಿ ಕಳಿಸೋದು ಸುಲಭ. ಎಷ್ಟೋ ಮಕ್ಕಳು ಆ ಎರಡು ಮಾತನ್ನು ಮಗ್ಗಿ ಹಾಗೆ ಒಪ್ಪಿಸುತ್ತಾರೆ, ಏನೂ ಬದಲಾಗಲ್ಲ. "ಇನ್ನೊಮ್ಮೆ ಮಾಡೂದಿಲ್ರಿ" ಅನ್ನೋ ಮಾತಂತೂ ಬೇಡವೇ ಬೇಡ, ಅದು ಅವರ ಕೈಯಲ್ಲಿಲ್ಲ. ಬದಲಿಗೆ ಕಣ್ಣಿಗೆ ಕಾಣುವ, ಇವತ್ತೇ ಮಾಡಬಹುದಾದ, ನಡೆದದ್ದಕ್ಕೆ ಸಂಬಂಧ ಇರೋ ಒಂದು ಸಣ್ಣ ಕೆಲಸ ಹುಡುಕಿ. ಸಂಡಾಸ್ ತೊಳೆಸೋದು ಅಂಥ ಕೆಲಸ ಅಲ್ಲ. ಅದು ವೇಷ ಹಾಕಿದ ಶಿಕ್ಷೆ.

ನಮ್ಮ ಹುಡುಗ ಊಟದ ಗಂಟೆಗೆ ಹತ್ತು ನಿಮಿಷ ಮುಂಚೆ ಅಡುಗೆ ಮನೆಗೆ ಹೋಗಿ ತಾಟು ಜೋಡಿಸಿ ಇಡೋದು ಅಂತ ಆಯಿತು. ಮೊದಲ ತಾಟು ಗಾಯವಾದವನಿಗೆ ತಾನೇ ಕೊಡಬೇಕು. ಶಾಲೆಯ ಪಾಲೂ ಇತ್ತು: ಐದನೇ ಪರಸಿಗೆ ಬಣ್ಣ ಹಚ್ಚಿ ಅವನ ಜಾಗ ಅಂತ ಬಿಟ್ಟುಕೊಡೋದು, ಪಾಳಿ ಬದಲಾದರೆ ಬೆಳಗ್ಗೆ ಪ್ರಾರ್ಥನೆ ಹೊತ್ತಿಗೇ ಅವನಿಗೆ ಚಿತ್ರ ತೋರಿಸೋದು. ಗಾಯವಾದವನು ಅವನ ಹಿಂದೆ ನಿಲ್ಲಲಿ, ಮುಂದೆ ಅಲ್ಲ. ಹೆಡ್‌ಮಾಸ್ತರು ಒಪ್ಪೋಕೆ ಒಂದು ವಾರ ಹಿಡಿಯಿತು. "ಹೊಡದಾಂವಗ ಬಹುಮಾನ ಕೊಟ್ಟಂಗ ಆತಲ್ರಿ" ಅಂದರು. ಆ ಮಾತಲ್ಲಿ ಸ್ವಲ್ಪ ನ್ಯಾಯ ಇದೆ, ಅದಕ್ಕೇ ಗಾಯವಾದವನಿಗೆ ಏನು ಬೇಕು ಅನ್ನೋದನ್ನು ಮೊದಲು ಬರೆಸಿದ್ದೆ. ಅವನಿಗೆ ಬೇಕಾಗಿದ್ದು ಅಂಜಿಕೆ ಹೋಗೋದು. ಇದರಿಂದ ಹೋಯಿತು.

ಯಾವಾಗ ಕೂರಿಸಲೇಬಾರದು

ಲೈಂಗಿಕ ಕಿರುಕುಳದ ಅನುಮಾನ ಇದ್ದರೆ ಸರಿಮಾಡೋ ಮಾತು ಅಲ್ಲ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡೋ 2012ರ ಪೋಕ್ಸೊ ಕಾಯ್ದೆ. ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ಮಕ್ಕಳ ಸಹಾಯವಾಣಿ 1098 ಇದೆ. ಊರ ಹಿರಿಯರು "ಇಲ್ಲೇ ಮುಗಿಸೋಣ" ಅಂದರೂ ಜಗ್ಗಬೇಡಿ. ದೊಡ್ಡವರು ಮಗುವಿಗೆ ಹೊಡೆದ ಪ್ರಕರಣವೂ ಹೀಗೆ ಕೂತು ಮುಗಿಸೋದಲ್ಲ.

ಇನ್ನು, ಪೆಟ್ಟು ತಿನ್ನೋದು ಎಷ್ಟೋ ಸಲ ನಮ್ಮ ಮಕ್ಕಳೇ. ಮೂಕ, ತಿಕ್ಕಲ ಅಂತ ದಿನಾ ಕರೆಸಿಕೊಂಡವನು ಒಂದು ದಿನ ಕಲ್ಲು ಎತ್ತಿದರೆ, ಕಲ್ಲಿಗಿಂತ ಮುಂಚಿನ ಆರು ತಿಂಗಳೂ ಪಾಟಿ ಮೇಲೆ ಬರಬೇಕು. ಬೇಕಂತಲೇ ಅವಮಾನ ಮಾಡಲು ವಿಕಲಚೇತನರನ್ನು ಜನರ ಕಣ್ಣೆದುರು ಹೀಯಾಳಿಸೋದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 92ನೇ ಸೆಕ್ಷನ್ ಪ್ರಕಾರ ಅಪರಾಧ, ಕನಿಷ್ಠ ಆರು ತಿಂಗಳು ಜೈಲು. ಇದನ್ನು ಮಕ್ಕಳಿಗೆ ಹೆದರಿಸೋಕೆ ಹೇಳಬೇಡಿ. ಹೆಸರಿಟ್ಟು ಕರೆಯೋ ದೊಡ್ಡವರಿಗೆ ಹೇಳಿ.

ಆಮೇಲೆ

ಮರುದಿನ ನೋಡಿ, ವಾರ ಬಿಟ್ಟು ನೋಡಿ, ತಿಂಗಳು ಬಿಟ್ಟು ನೋಡಿ. ಮಾತಾಗಿದ್ದನ್ನು ಚಿತ್ರದಲ್ಲಿ ಬರೆದು ಗೋಡೆಗೆ ಹಚ್ಚಿ, ಝೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಶನ್ ಮಾಡಿಸಿದರೆ ಮಳೆಗಾಲ ತಡೆಯುತ್ತದೆ. ಮತ್ತೆ ಗಲಾಟೆ ಆಗುತ್ತದೆ, ಆಗಲ್ಲ ಅಂದುಕೊಳ್ಳಬೇಡಿ. ಎಷ್ಟು ದಿನಕ್ಕೆ ಆಯಿತು, ಎಷ್ಟು ಬೇಗ ತಣ್ಣಗಾದ ಅಂತ ಒಂದು ನೋಟಬುಕ್ಕಲ್ಲಿ ಬರೆದಿಡಿ. ಬಿಆರ್‌ಸಿಯ (ಶಾಲೆಗಳಿಗೆ ನೆರವಾಗೋ ತಾಲೂಕು ಸಂಪನ್ಮೂಲ ಕೇಂದ್ರದ) ವಿಶೇಷ ಶಿಕ್ಷಕರು ಬಂದಾಗ ಅದನ್ನೇ ತೋರಿಸಿ.

ಕೆಂಪು ರಟ್ಟು ಮಾತ್ರ ಜಾಸ್ತಿ ಮಾಡಿಟ್ಟುಕೊಳ್ಳಿ, ಕಳೆಯುತ್ತಿರುತ್ತವೆ. ನಮ್ಮ ಹುಡುಗ ಮೂರು ಕಳೆದ. ನಾಲ್ಕನೇದನ್ನು ಬಿಸ್ಕೀಟಿನ ಡಬ್ಬಿ ಕತ್ತರಿಸಿ ತಾನೇ ಮಾಡಿಕೊಂಡು ಬಂದಿದ್ದ. ಅದು ಹಳದಿ ಬಣ್ಣದ್ದು. ನಡೆಯುತ್ತದೆ ಅಂದೆ.